ಘರಪಟ್ಟಿ ರಸೀದಿ ಇದೆ, ಮೂಲ ದಾಖಲೆ ಎಲ್ಲಿ ಸಿಗುತ್ತದೆ?

ಹಲಸಿನಹಣ್ಣು

ಎಲ್ಲರಿಗೂ ನಮಸ್ಕಾರ. ನಾನು ಇರುವುದು ಪುಣೆಯಲ್ಲಿ. ಮನೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ, ಘಟ್ಟದ ಮೇಲಿನ ಒಂದು ಪಟ್ಟಣದಲ್ಲಿ. ಊರಿನ ಹೆಸರು ಬೇಡ, ಸುಮ್ನೆ ಯಾರಿಗೋ ಬೇಜಾರು. ಆಯಿ ಒಬ್ಬಳೇ ಇದ್ದಾಳೆ. ಅಪ್ಪಯ್ಯ ತೀರಿಕೊಂಡು ಕೆಲವು ವರ್ಷ ಆಯ್ತು. ಘರಪಟ್ಟಿ, ಅಂದರೆ ಮನೆ ತೆರಿಗೆ, ಇನ್ನೂ ಅವರ ಹೆಸರಲ್ಲೇ ಬರುತ್ತಿದೆ.

ಈ ಸಲದ ಚಲನ್ ನೋಡಿದರೆ ಮೊತ್ತ ಚೆನ್ನಾಗಿಯೇ ಏರಿದೆ. ಮನೆಗೆ ಒಂದು ಚೀರೆಕಲ್ಲೂ ಹೊಸದಾಗಿ ಇಟ್ಟಿಲ್ಲ. ಕೌಂಟರಿನಲ್ಲಿ ಕೇಳಿದರೆ "ಸಿಸ್ಟಮ್‌ನಲ್ಲಿ ಹಾಗೇ ಬರ್ತದೆ ಅಮ್ಮ" ಅಂದರಂತೆ. ಆಯಿ ಹತ್ತಿರ ಬಟ್ಟೆ ಅಂಗಡಿಯ ಒಂದು ಚೀಲದ ತುಂಬ ಹಳೇ ರಸೀದಿಗಳಿವೆ. ಆದರೆ ಅವುಗಳಲ್ಲಿ ಇರುವುದು ಹೆಸರು, ನಂಬರ್, ಹಣ ಅಷ್ಟೇ. ನಮ್ಮ ಮನೆಯ ಬಗ್ಗೆ ಅವರ ಪುಸ್ತಕದಲ್ಲಿ ಏನು ಬರೆದಿದೆ ಅನ್ನುವುದನ್ನು ನೋಡುವುದು ಎಲ್ಲಿ? ಲೆಕ್ಕ ಹೇಗೆ ಹಾಕುತ್ತಾರೆ? ಗೊತ್ತಿದ್ದವರು ಹೇಳಿ.

ಹಳೇಗುಮಾಸ್ತ

ತಮ್ಮಾ, ನಾನು ಕಂದಾಯ ವಿಭಾಗದಲ್ಲೇ ಕೂತು ನಿವೃತ್ತನಾದವನು. ಸ್ವಲ್ಪ ಉದ್ದ ಆಗ್ತದೆ, ಸಾವಕಾಶವಾಗಿ ಓದು.

ರಸೀದಿ ಅಂದರೆ ಹಣ ಬಂತು ಅನ್ನುವುದಕ್ಕೆ ಪುರಾವೆ, ಅಷ್ಟೇ. ಮನೆ ನಿಮ್ಮದು ಅಂತ ಅದು ಹೇಳುವುದಿಲ್ಲ. ನಿನಗೆ ಬೇಕಾದದ್ದು ತೆರಿಗೆ ಪುಸ್ತಕದ ನಕಲು, ಅಂದರೆ ಅಸೆಸ್‌ಮೆಂಟ್ ಉತಾರ. ಮೊದಲು ದಪ್ಪ ರಿಜಿಸ್ಟರ್ ಇತ್ತು, ಅದರಿಂದ ಕೈಯಲ್ಲಿ ನಕಲು ಬರೆದು ಕೊಡುತ್ತಿದ್ದೆವು. ಈಗ ಪಟ್ಟಣಗಳಲ್ಲಿ ಇ-ಆಸ್ತಿ ತಂತ್ರಾಂಶ ಬಂದಿದೆ. ಅದರಿಂದ ಬರುವ ಕಾಗದಕ್ಕೆ ಜನ ಫಾರಂ ನಂಬರ್ 3 ಅಥವಾ ಇ-ಖಾತಾ ಅನ್ನುತ್ತಾರೆ. ಮಾಲಕರ ಹೆಸರು, ಫೋಟೊ, ಮನೆಯ ಫೋಟೊ, ನಿವೇಶನದ ಅಳತೆ, ಕಟ್ಟಡದ ಅಳತೆ, ನಾಲ್ಕೂ ಕಡೆಯ ಚಕ್ಕುಬಂದಿ (ಗಡಿ), ವಾಸಕ್ಕೋ ವ್ಯಾಪಾರಕ್ಕೋ ಅನ್ನುವುದು ಎಲ್ಲ ಅದರಲ್ಲಿರ್ತದೆ. ನಿನ್ನ ಚಲನ್‌ನ ಮೊತ್ತ ಹುಟ್ಟುವುದು ಈ ಕಾಗದದ ಅಂಕಿಗಳಿಂದ. ಹಾಗಾಗಿ ಚಲನ್ ಹಿಡಿದು ಜಗಳ ಮಾಡಿದರೆ ಪ್ರಯೋಜನ ಇಲ್ಲ. ಮೊದಲು ಉತಾರ ತೆಗೆಸು.

ಆದರೆ ಪುರಸಭೆಯ ಪುಸ್ತಕ ಒಂದೇ ಅಲ್ಲ. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸ್‌ನಿಂದ ಮುಂಬೈ ಪ್ರಾಂತ್ಯಕ್ಕೆ ಹೋಯಿತಲ್ಲ, ಅಲ್ಲಿಯ ಪದ್ಧತಿಗಳು ಇನ್ನೂ ಉಳಿದಿವೆ. ನಮ್ಮ ಪೇಟೆಗಳಲ್ಲಿ ಸಿಟಿ ಸರ್ವೆ ಅಂತ ಬೇರೆಯೇ ಕಚೇರಿ ಇದೆ. ಅವರ ಹತ್ತಿರ ಪ್ರತಿ ಜಾಗಕ್ಕೂ ಸಿಟಿ ಸರ್ವೆ ನಂಬರ್ ಮತ್ತು ನಕ್ಷೆ ಇರ್ತದೆ. ಅಳತೆ ಚದರ ಮೀಟರಿನಲ್ಲಿ. ಮೂರನೆಯದು ಉಪನೋಂದಣಿ ಕಚೇರಿ. ಖರೀದಿ ಪತ್ರ ಮತ್ತು ಋಣಭಾರ ಪತ್ರ, ಅಂದರೆ ಇ.ಸಿ., ಅಲ್ಲಿಯದು. ಇ.ಸಿ.ಯನ್ನು ಕಾವೇರಿ ತಾಣದಲ್ಲಿ ಮನೆಯಿಂದಲೇ ತೆಗೆಯಬಹುದು.

ಒಂದೇ ಮನೆಗೆ ಮೂರು ನಂಬರ್. ಮೂರೂ ಕಡೆ ಹೆಸರು ಮತ್ತು ಅಳತೆ ಒಂದೇ ಇದ್ದರೆ ನೀನು ಪುಣ್ಯವಂತ.

ಕಾಜುಬಾಗದವಳು

ಗುಮಾಸ್ತ ಸರ್ ಹೇಳಿದ್ದು ಸರಿ. ಕಾರವಾರದ ನಮ್ಮ ಮನೆಗೂ ಹೀಗೇ ಮೂರು ನಂಬರ್ ಇವೆ. ನಾನು ಮಾಡಿಕೊಂಡ ಉಪಾಯ ಇಷ್ಟೇ: ಎ4 ಹಾಳೆಯಲ್ಲಿ ಮೂರು ಗೀಟು ಎಳೆದು, ಮೂರೂ ಕಾಗದದ ಹೆಸರು, ಅಳತೆ, ಪೂರ್ವ–ಪಶ್ಚಿಮದ ಚಕ್ಕುಬಂದಿ ಪಕ್ಕಪಕ್ಕ ಬರೆದುಕೊಂಡೆ. ನಮ್ಮ ಖರೀದಿ ಪತ್ರದಲ್ಲಿ ಪಡುವಣ ದಿಕ್ಕಿಗೆ "ಸಾರ್ವಜನಿಕ ದಾರಿ" ಅಂತ ಇತ್ತು. ಉತಾರದಲ್ಲಿ ಅದೇ ಜಾಗಕ್ಕೆ ಪಕ್ಕದ ಮನೆಯವರ ಹೆಸರು! ತೆರಿಗೆಗೆ ಇದರಿಂದ ಏನೂ ವ್ಯತ್ಯಾಸ ಇಲ್ಲ. ಆದರೆ ಬ್ಯಾಂಕಿನ ವಕೀಲರು ಇಂಥದ್ದನ್ನೇ ಹಿಡಿಯುವುದು.

ಇನ್ನೊಂದು ಮಾತು. ಆನ್‌ಲೈನ್‌ನಲ್ಲಿ ಹುಡುಕುವಾಗ ಹೆಸರು ಹಾಕಿ ಹುಡುಕಬೇಡಿ. ನಮ್ಮ ಕಡೆ ನಾಯ್ಕ, ನಾಯಕ, ನಾಯಿಕ ಎಲ್ಲ ಒಂದೇ ಮನೆಯಲ್ಲಿ ಇರ್ತಾರೆ. ಕೊಂಕಣಿ ಹೆಸರುಗಳ ಕಥೆ ಕೇಳಲೇಬೇಡಿ. ಹಳೇ ರಸೀದಿಯಲ್ಲಿರುವ ಆಸ್ತಿ ಸಂಖ್ಯೆ ಹಾಕಿದರೆ ಬೇಗ ಸಿಗ್ತದೆ. ವಾರ್ಡ್ ವಿಂಗಡಣೆ ಬದಲಾದಾಗ ಹಳೇ ನಂಬರ್ ಕೂಡ ಬದಲಾಗಿರಬಹುದು. ಉತಾರದಲ್ಲಿ ಹಳೇ ಸಂಖ್ಯೆ, ಹೊಸ ಸಂಖ್ಯೆ ಎರಡೂ ಇವೆಯಾ ಅಂತ ನೋಡಿ.

ಹಲಸಿನಹಣ್ಣು

ಇಬ್ಬರಿಗೂ ತುಂಬ ಥ್ಯಾಂಕ್ಸ್. ಚಲನ್‌ನ ಫೋಟೊ ಆಯಿ ಕಳಿಸಿದ್ದಾಳೆ. ಆಸ್ತಿ ತೆರಿಗೆ ಅಂತ ಒಂದು ಸಾಲು. ಅದರ ಕೆಳಗೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ. ಆಮೇಲೆ ಘನತ್ಯಾಜ್ಯ. ಆಯಿ ಕೇಳ್ತಾಳೆ, "ಲೈಬ್ರರಿಗೆ ನಾನು ಹೋಗಿದ್ದೇ ಇಲ್ಲ, ಅದಕ್ಕೂ ದುಡ್ಡು ಯಾಕೆ?" ಅಂತ.

ಹಳೇಗುಮಾಸ್ತ

ಹಹ, ನಿನ್ನ ಆಯಿಯ ಪ್ರಶ್ನೆಯನ್ನು ಕೌಂಟರಿನಲ್ಲಿ ಎಷ್ಟು ಜನ ಕೇಳಿದ್ದಾರೋ! ಆ ಮೂರು ಕರ ಪುರಸಭೆಯ ಸ್ವಂತ ಆದಾಯ ಅಲ್ಲ. ಬೇರೆ ಬೇರೆ ಕಾಯ್ದೆಗಳ ಪ್ರಕಾರ ತೆರಿಗೆಯ ಜೊತೆಗೇ ವಸೂಲಿ ಮಾಡಿ ಮುಂದೆ ಕಳಿಸಬೇಕು. ಆರೋಗ್ಯಕ್ಕೆ ನೂರಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. ಅಂದರೆ ತೆರಿಗೆ 2,000 ರೂಪಾಯಿ ಅಂತ ಇಟ್ಟುಕೋ. 300, 120, 60. ಒಟ್ಟು 480 ಸೇರಿ 2,480. ಮೇಲಿನ ಸಾಲು ಏರಿದರೆ ಕೆಳಗಿನವೂ ತಾವಾಗಿಯೇ ಏರ್ತವೆ. ಹಾಗಾಗಿ ನೋಡಬೇಕಾದದ್ದು ಮೊದಲನೇ ಸಾಲು ಮಾತ್ರ.

ಆ ಮೊದಲನೇ ಸಾಲು ಹೇಗೆ ಬರ್ತದೆ? ನಿವೇಶನದ ಅಳತೆಯನ್ನು ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆಯಿಂದ ಗುಣಿಸುತ್ತಾರೆ. ಕಟ್ಟಡಕ್ಕೆ ಬೇರೆ ಬೆಲೆ ಕಟ್ಟುತ್ತಾರೆ. ಆರ್‌ಸಿಸಿ ಸ್ಲ್ಯಾಬೋ, ಹಂಚಿನ ಮಾಡೋ (ಸೂರೋ), ನೆಲಕ್ಕೆ ಏನು ಹಾಕಿದ್ದೀರಿ ಅನ್ನುವುದರ ಮೇಲೆ ಆ ಬೆಲೆ. ಕಟ್ಟಡ ಹಳೆಯದಾದಷ್ಟೂ ಸವಕಳಿ ಕಳೆಯುತ್ತಾರೆ. ಬಂದ ಬೆಲೆಯ ಒಂದು ಭಾಗವನ್ನು ತೆರಿಗೆಗೆ ಹಿಡಿದು, ಸ್ಥಳೀಯ ಸಂಸ್ಥೆ ಠರಾವು ಮಾಡಿದ ದರ ಹಾಕುತ್ತಾರೆ. ವಾಸದ ಮನೆಗೆ ಒಂದು ದರ, ವಾಣಿಜ್ಯಕ್ಕೆ ಅದಕ್ಕಿಂತ ಜಾಸ್ತಿ.

ಈಗ ಏರಿಕೆಗೆ ಕಾರಣ ಹುಡುಕು. ಮಾರ್ಗಸೂಚಿ ಬೆಲೆ ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಪರಿಷ್ಕರಣೆ ಆಯಿತು. ನಿಮ್ಮ ರಸ್ತೆಯ ಬೆಲೆ ಏರಿದ್ದರೆ ತೆರಿಗೆಯೂ ಏರ್ತದೆ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ. ಎರಡನೇ ಕಾರಣ ಬಾಕಿ. ಏಪ್ರಿಲ್‌ನಲ್ಲಿ ತುಂಬಿದರೆ ನೂರಕ್ಕೆ 5 ರಿಯಾಯಿತಿ. ಮೇ, ಜೂನ್ ಇದ್ದದ್ದು ಇದ್ದ ಹಾಗೆ. ಜುಲೈಯಿಂದ ತಿಂಗಳಿಗೆ ನೂರಕ್ಕೆ 2 ದಂಡ. ವರ್ಷಕ್ಕೆ 24 ಆಯ್ತು, ಬ್ಯಾಂಕಿನ ಗೃಹಸಾಲದ ಬಡ್ಡಿಗಿಂತ ಎಷ್ಟೋ ಜಾಸ್ತಿ. ಮೂರನೇ ಕಾರಣ, ಕಂಪ್ಯೂಟರಿಗೆ ಏರಿಸುವಾಗ ಅಳತೆಯೋ, ಬಳಕೆಯೋ, ಮಾಡಿನ ವಿಧವೋ ತಪ್ಪಾಗಿ ಬಿದ್ದಿರುವುದು. ಇದು ಜನ ತಿಳಿದದ್ದಕ್ಕಿಂತ ಜಾಸ್ತಿ.

ಅಘನಾಶಿನಿ_ದಡ

ನಾನೊಂದು ಮಾತು ಹೇಳ್ತೇನೆ, ಸಿಟ್ಟು ಮಾಡಬೇಡಿ. ಇಷ್ಟೆಲ್ಲ ಕೆದಕುವುದು ಯಾಕೆ ಮಾರಾಯ್ರೆ? ನಾಲ್ಕು ನೂರೋ ಐದು ನೂರೋ ಜಾಸ್ತಿ ಆಗಿರಬಹುದು. ನೀವು ಅರ್ಜಿ ಕೊಟ್ಟರೆ ಅವರು ಟೇಪ್ ಹಿಡಿದು ಬರ್ತಾರೆ. ಹಿತ್ತಲ ಬಚ್ಚಲು, ಕಟ್ಟಿಗೆ ಕೊಟ್ಟಿಗೆ, ಎದುರಿನ ಶೀಟಿನ ಮಾಡು ಎಲ್ಲ ಲೆಕ್ಕಕ್ಕೆ ಬರ್ತದೆ. ಐದು ನೂರು ಉಳಿಸಲು ಹೋಗಿ ಸಾವಿರ ಜಾಸ್ತಿ ಆಗ್ತದೆ. ನಮ್ಮ ಮಾವನ ಮನೆಗೆ ಹಾಗೇ ಆಯ್ತು.

ಕಾಜುಬಾಗದವಳು

ಅಣ್ಣಾ, ಇವತ್ತು ಐದು ನೂರರ ಪ್ರಶ್ನೆ ಸರಿ. ಮಾರುವ ದಿನ, ಪಾಲು ಮಾಡುವ ದಿನ, ಸಾಲ ತೆಗೆಯುವ ದಿನ ಏನು ಮಾಡ್ತೀರಿ? 2024ರಿಂದ ಪಟ್ಟಣದ ಆಸ್ತಿಗೆ ಇ-ಖಾತಾ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಆ ದಿನ ಗಡಿಬಿಡಿಯಲ್ಲಿ ಸರಿಪಡಿಸಲು ಹೊರಟರೆ ಏಜೆಂಟರು ಕೇಳಿದಷ್ಟು ಕೊಡಬೇಕಾಗ್ತದೆ. ಮತ್ತೆ, ಸ್ವಯಂ ಘೋಷಣೆ ಅಂದರೆ ನಾವೇ ಸಹಿ ಹಾಕಿ ಕೊಡುವ ಅಳತೆ. ಶೀಟಿನ ಮಾಡನ್ನು ಮುಚ್ಚಿಟ್ಟರೆ ಅದು ಅವರ ತಪ್ಪು ಅಲ್ಲ, ನಮ್ಮದೇ.

ಅಘನಾಶಿನಿ_ದಡ

ಅದೂ ಹೌದು. ಆದರೆ ಮಾವನಿಗೆ ಹೇಳಲು ನನಗೆ ಧೈರ್ಯ ಇಲ್ಲ.

ಅಡಿಕೆಚಪ್ಪರ

ಪೇಟೆಯವರ ಮಾತೇ ಆಯ್ತು. ಹಳ್ಳಿ ಕಡೆಯದನ್ನು ನಾನು ಹೇಳ್ತೇನೆ, ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಯವರಿಗೆ ಇದು ಬೇರೆಯೇ ಕಥೆ.

ಗ್ರಾಮ ಪಂಚಾಯತಿಯಲ್ಲಿ ತಂತ್ರಾಂಶದ ಹೆಸರು ಇ-ಸ್ವತ್ತು. ಅಲ್ಲಿ ನಮೂನೆ 9, 11ಎ, 11ಬಿ ಅಂತ ಇವೆ. ಗ್ರಾಮಠಾಣದ ಒಳಗಿನ ಮನೆ, ಅಥವಾ ಬಿನಶೇತ್ಕಿ, ಅಂದರೆ ಕೃಷಿಯೇತರ (ಎನ್.ಎ.) ಆದ ಜಾಗದ ಮನೆಯಾದರೆ ನಮೂನೆ 9. ಅದರ ತೆರಿಗೆ ವಿವರ 11ಎ. ಉಳಿದವು 11ಬಿ. ನಮ್ಮ ಕಡೆ ಮನೆ ಇರುವುದೆಲ್ಲಿ? ಊರು ಅಂತ ಒಟ್ಟಾಗಿ ಇರುವುದೇ ಇಲ್ಲ. ತೋಟದ ತಲೆಗೆ ಒಂದು ಮನೆ, ಆಚೆ ಗುಡ್ಡದ ಬುಡಕ್ಕೆ ಇನ್ನೊಂದು. ಮನೆಯ ಜಾಗವೂ ಪಹಣಿಯಲ್ಲಿ ಬಾಗಾಯ್ತು (ತೋಟದ ಜಮೀನು) ಅಂತಲೇ ಇರ್ತದೆ. ಅಜ್ಜನ ಕಾಲದಿಂದ ಮನೆ ನಂಬರ್ ಇದೆ, ತೆರಿಗೆ ತುಂಬಿದ್ದೇವೆ. ಆದರೂ ನಮೂನೆ 9 ಕೇಳಿದರೆ "ಎನ್.ಎ. ಆದೇಶ ತನ್ನಿ" ಅನ್ನುತ್ತಾರೆ. ಪಿಡಿಒ ಅವರನ್ನು ಬೈದು ಏನೂ ಆಗುವುದಿಲ್ಲ, ನಿಯಮವೇ ಹಾಗಿದೆ.

ಇನ್ನು, ಪಹಣಿಯ ಭೂಕಂದಾಯ ಬೇರೆ, ಪಂಚಾಯತಿಯ ಮನೆ ತೆರಿಗೆ ಬೇರೆ. ಒಂದು ಹೋಗುವುದು ಕಂದಾಯ ಇಲಾಖೆಗೆ, ಇನ್ನೊಂದು ಪಂಚಾಯತಿಗೆ. ನಮ್ಮ ಭಾವ ಒಬ್ಬರು ಶಾನುಭೋಗರ ಹತ್ತಿರ ಹೋಗಿ ಮನೆ ತೆರಿಗೆ ಉತಾರ ಕೇಳುತ್ತಿದ್ದರು. ಅವರು ಪಂಚಾಯತಿಗೆ ಕಳಿಸಿದರು. ಪಂಚಾಯತಿಯಲ್ಲಿ ಪಹಣಿ ತನ್ನಿ ಅಂದರು. ಭಾವನ ಬೈಕಿಗೆ ಪೆಟ್ರೋಲ್ ಮುಗಿಯಿತು ಅಷ್ಟೇ.

ಪಂಚಾಯತಿಯಲ್ಲಿ ನೋಡಬೇಕಾದ ಪುಸ್ತಕ ಬೇಡಿಕೆ, ವಸೂಲಿ, ಬಾಕಿ ರಿಜಿಸ್ಟರ್. ಬಿಲ್ ಕಲೆಕ್ಟರಿಗೆ ಡಿಸಿಬಿ ಅಂದರೆ ತಿಳಿಯುತ್ತದೆ. ಯಾವ ವರ್ಷದ ಬಾಕಿ ಅಂತ ಅಲ್ಲಿ ಸಾಲಾಗಿ ಇರ್ತದೆ. ತುಂಬಿದ ಹಣ ಜಮೆ ಆಗದೇ ಉಳಿದಿದ್ದರೂ ಅಲ್ಲೇ ಗೊತ್ತಾಗುವುದು. ಅಲ್ಲಿಗೆ ಹಳೇ ರಸೀದಿ ಬೇಕು. ನಿಮ್ಮ ಆಯಿಯ ಚೀಲ ಬಿಸಾಡಬೇಡಿ.

ಬೇಣ

ನಮ್ಮಂಥವರ ವಿಷಯ ಯಾರೂ ಎತ್ತಲಿಲ್ಲ, ಹಾಗಾಗಿ ನಾನೇ ಬರೀತೇನೆ. ಜಿಲ್ಲೆಯ ಸುಮಾರು ನೂರಕ್ಕೆ 80 ಭಾಗ ಅರಣ್ಯ. ಅತಿಕ್ರಮಣದ ಜಾಗದಲ್ಲಿ ಮನೆ ಕಟ್ಟಿಕೊಂಡವರು ನಾವು ಸಾವಿರಾರು ಜನ ಇದ್ದೇವೆ. ಪಂಚಾಯತಿಯವರು ಮನೆ ನಂಬರ್ ಕೊಟ್ಟಿದ್ದಾರೆ, ತೆರಿಗೆ ತಗೊಳ್ತಾರೆ, ಹೆಸ್ಕಾಂ ಕರೆಂಟ್ ಕೊಟ್ಟಿದೆ. ಹಕ್ಕು ಪತ್ರ ಮಾತ್ರ ಇಲ್ಲ.

ಗುಮಾಸ್ತರು ರಸೀದಿ ಮಾಲ್ಕಿ ಅಲ್ಲ ಅಂದರು. ನಿಜ. ಆದರೆ ನಮಗೆ ಅದೇ ರಸೀದಿ ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬರ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ, ಅರ್ಜಿಗೆ ಲಗತ್ತಿಸಬಹುದಾದ ಸಾಕ್ಷ್ಯಗಳಲ್ಲಿ ಮತದಾರರ ಚೀಟಿ, ಪಡಿತರ ಚೀಟಿ ಜೊತೆಗೆ ಮನೆ ತೆರಿಗೆ ರಸೀದಿಯ ಹೆಸರೂ ಇದೆ. 2005ರ ಡಿಸೆಂಬರ್ 13ಕ್ಕಿಂತ ಮೊದಲೇ ಅಲ್ಲಿ ಇದ್ದೆವು ಅಂತ ತೋರಿಸಬೇಕು. ಬುಡಕಟ್ಟಿನವರಲ್ಲದಿದ್ದರೆ ಅದರ ಹಿಂದಿನ 75 ವರ್ಷದ್ದನ್ನೂ ತೋರಿಸಬೇಕು, ದೊಡ್ಡ ತೊಡಕು ಅಲ್ಲೇ. ಹಾಗಾಗಿ ಹಳೇ ರಸೀದಿ ಕಳೆದುಹೋದವರು ಪಂಚಾಯತಿಯ ಹಳೇ ರಿಜಿಸ್ಟರಿನ ದೃಢೀಕೃತ ನಕಲು ಕೇಳಿ. ಹಳೇ ಪುಸ್ತಕಗಳಿಗೆ ಗೆದ್ದಲು ಹಿಡಿಯುವ ಮೊದಲೇ ಕೇಳಿ. ಈ ಮಳೆಯಲ್ಲಿ ಯಾವ ಕಪಾಟೂ ಭರವಸೆಯದ್ದಲ್ಲ.

ಹಳೇಗುಮಾಸ್ತ

ಬೇಣ ಅವರೇ, ಒಳ್ಳೇ ಮಾತು ಸೇರಿಸಿದಿರಿ.

ಇದರ ಜೊತೆಗೆ ಕರಾವಳಿಯವರಿಗೂ ಒಂದು ಎಚ್ಚರಿಕೆ. ಸಮುದ್ರ ದಂಡೆಯ ಮನೆಗೆ ತೆರಿಗೆ ನಂಬರ್ ಸಿಕ್ಕಿದೆ ಅಂದ ಮಾತ್ರಕ್ಕೆ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝೆಡ್ ಅನುಮತಿ ಸಿಕ್ಕ ಹಾಗಲ್ಲ. ಗೋಕರ್ಣ, ಮುರ್ಡೇಶ್ವರದ ಕಡೆ ಮನೆಯ ಎರಡು ಕೋಣೆ ಹೋಂಸ್ಟೇ ಮಾಡಿದವರು ದಾಖಲೆಯಲ್ಲಿ ಬಳಕೆ ಏನಿದೆ ಅಂತಲೂ ನೋಡಿಕೊಳ್ಳಿ. 2025ರಲ್ಲಿ ಪಟ್ಟಣಗಳಲ್ಲಿ ಅನಧಿಕೃತ ಜಾಗಗಳಿಗೆ ಬಿ ಖಾತಾ ಕೊಡುವ ಅಭಿಯಾನ ನಡೆಯಿತು. ಅದರಲ್ಲಿ ಖಾತಾ ಸಿಕ್ಕವರು ಎಲ್ಲ ಸಕ್ರಮ ಆಯ್ತು ಅಂದುಕೊಂಡಿದ್ದಾರೆ. ಅದು ತೆರಿಗೆಯ ಲೆಕ್ಕಕ್ಕೆ ತಂದದ್ದು. ಬಡಾವಣೆ ಸಕ್ರಮವಾದದ್ದಲ್ಲ.

ಹಲಸಿನಹಣ್ಣು

ಉತಾರ ಸಿಕ್ಕಿತು! ಊರಿಗೆ ಹೋದಾಗ ತೆಗೆಸಿದೆ. ಕಾಜುಬಾಗದ ಅಕ್ಕ ಹೇಳಿದ ಹಾಗೆ ಹಾಳೆಯಲ್ಲಿ ಪಕ್ಕಪಕ್ಕ ಬರೆದೆ. ಈಗ ನೋಡಿ.

ಖರೀದಿ ಪತ್ರದಲ್ಲಿ ಜಾಗ 0-3-4. ಎಕರೆ ಸೊನ್ನೆ, ಗುಂಟೆ ಮೂರು, ಆಣೆ ನಾಲ್ಕು. ಸಿಟಿ ಸರ್ವೆಯಲ್ಲಿ 328.8 ಚದರ ಮೀಟರ್. ಇ-ಖಾತಾದಲ್ಲಿ 3,702 ಚದರ ಅಡಿ ಮತ್ತು ಸ್ವಲ್ಪ. ನಾನು ಮೀಟರಿನಿಂದ ಅಡಿಗೆ ಲೆಕ್ಕ ಹಾಕಿದರೆ 3,539 ಬರ್ತದೆ. 163 ಅಡಿ ಎಲ್ಲಿಂದ ಬಂತು?

ಹಳೇಗುಮಾಸ್ತ

ತಮ್ಮಾ, ನಿನ್ನ ಕಳ್ಳ ಸಿಕ್ಕಿದ. ಒಂದು ಗುಂಟೆಗೆ ಹದಿನಾರು ಆಣೆ. 3 ಗುಂಟೆ 4 ಆಣೆ ಅಂದರೆ ಮೂರೂಕಾಲು ಗುಂಟೆ, 3.25. ಗುಂಟೆಗೆ 1,089 ಚದರ ಅಡಿ. ಗುಣಿಸಿದರೆ 3,539. ಕಂಪ್ಯೂಟರಿನ ಮುಂದೆ ಕೂತವರು "3-4" ಅನ್ನುವುದನ್ನು 3.4 ಅಂತ ಹೊಡೆದಿದ್ದಾರೆ. 3.4ನ್ನು 1,089ರಿಂದ ಗುಣಿಸು, ನಿನ್ನ 3,702 ಬಂತು. ಹೊರಗಿನಿಂದ ಬಂದ ಹುಡುಗರಿಗೆ ಆಣೆ ಗೊತ್ತಿರುವುದಿಲ್ಲ, ಪಾಪ.

ಆದರೆ ಜಾಗದಲ್ಲಿ ನೂರಕ್ಕೆ ಐದೂ ಆಗದ ವ್ಯತ್ಯಾಸ ಇದು. ನೀನು ಹೇಳಿದ ಏರಿಕೆ ಇದೊಂದರಿಂದ ಆಗುವುದಿಲ್ಲ. ಕಟ್ಟಡದ ಸಾಲು ನೋಡು. ಮಾಡು ಏನಂತ ಇದೆ?

ಹಲಸಿನಹಣ್ಣು

ಆರ್‌ಸಿಸಿ ಅಂತ ಇದೆ ಸರ್. ನಮ್ಮದು ಹಂಚಿನ ಮನೆ. ಹಿಂದಿನ ಅಡುಗೆಮನೆ ಮೇಲೆ ಮಾತ್ರ ಸಣ್ಣ ಸ್ಲ್ಯಾಬ್, ನೀರಿನ ಟಾಕಿ ಇಡಲು.

ಹಳೇಗುಮಾಸ್ತ

ಅಲ್ಲೇ ಇದೆ. ಇಡೀ ಮನೆಗೆ ಸ್ಲ್ಯಾಬಿನ ಬೆಲೆ ಕಟ್ಟಿದ್ದಾರೆ. ಕಟ್ಟಿದ ವರ್ಷವನ್ನೂ ನೋಡು. ಇಸವಿ ಖಾಲಿ ಬಿಟ್ಟಿದ್ದರೆ, ಅಥವಾ ಈಚಿನದು ಹಾಕಿದ್ದರೆ ಸವಕಳಿ ಸಿಕ್ಕಿರುವುದಿಲ್ಲ.

ಅರ್ಜಿ ಒಂದೇ ಸಾಕು, ಎರಡೂ ತಿದ್ದುಪಡಿ ಅದರಲ್ಲೇ ಕೇಳು. ನಗರಸಭೆ ಆದರೆ ಪೌರಾಯುಕ್ತರಿಗೆ. ಕಾರವಾರ, ಶಿರಸಿ, ದಾಂಡೇಲಿ ಹಾಗೆ. ಪುರಸಭೆ, ಪಟ್ಟಣ ಪಂಚಾಯತ್ ಆದರೆ ಮುಖ್ಯಾಧಿಕಾರಿಗೆ. ಖರೀದಿ ಪತ್ರ, ಸಿಟಿ ಸರ್ವೆ ಉತಾರ, ಮನೆಯ ನಾಲ್ಕೂ ಬದಿಯ ಫೋಟೊ ಲಗತ್ತಿಸು. ಮಾಡು ಕಾಣುವ ಹಾಗೆ ತೆಗೆ. ದೊಡ್ಡ ಕಥೆ ಬರೆಯಬೇಡ. "ಇಂಥ ಕಲಮಿನಲ್ಲಿ ಹೀಗಿದೆ, ಹೀಗಿರಬೇಕು, ಪುರಾವೆ ಇದು" ಅಂತ ಮೂರು ಸಾಲು. ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊ. ಟೇಬಲ್ ಮೇಲೆ ಇಟ್ಟು ಬಂದ ಅರ್ಜಿ ಅರ್ಜಿಯೇ ಅಲ್ಲ.

ಕಾಜುಬಾಗದವಳು

ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 30 ದಿನದ ಅವಧಿ. ಕರ್ನಾಟಕದಲ್ಲಿ 150 ಶಬ್ದದ ಒಳಗೆ, ಒಂದೇ ವಿಷಯಕ್ಕೆ ಕೇಳಬೇಕು. "ನನ್ನ ತೆರಿಗೆ ಯಾಕೆ ಏರಿತು" ಅಂತ ಕೇಳಿದರೆ ತಿರಸ್ಕಾರ. "ಆಸ್ತಿ ಸಂಖ್ಯೆ ಇಷ್ಟರ ತೆರಿಗೆ ನಿರ್ಧಾರಣೆಯ ಕಡತದ ಪ್ರತಿ ಕೊಡಿ" ಅಂತ ಕೇಳಿ. ಯಾಕೆ ಅಂತ ಆ ಕಡತವೇ ಹೇಳ್ತದೆ.

ಹಲಸಿನಹಣ್ಣು

ಅರ್ಜಿ ಕೊಟ್ಟೆ, ಸೀಲು ಹಾಕಿಸಿಕೊಂಡೆ. ಎರಡು ಪ್ರಶ್ನೆ ಉಳಿದವು. ತಿದ್ದುಪಡಿ ಆಗುವ ತನಕ ಈ ಮೊತ್ತ ತುಂಬಬೇಕಾ, ಬೇಡವಾ? ಮತ್ತೆ ಅಪ್ಪಯ್ಯನ ಹೆಸರು ತೆಗೆದು ಆಯಿ ಒಬ್ಬಳ ಹೆಸರಿಗೆ ಮಾಡಬಹುದಾ? ನನಗೆ ಒಬ್ಬಳು ತಂಗಿ ಇದ್ದಾಳೆ, ಮದುವೆಯಾಗಿ ಕುಮಟಾದಲ್ಲಿ ಇದ್ದಾಳೆ.

ಅಘನಾಶಿನಿ_ದಡ

ತುಂಬಬೇಡಿ! ತುಂಬಿದರೆ ಒಪ್ಪಿಕೊಂಡ ಹಾಗೆ.

ಹಳೇಗುಮಾಸ್ತ

ಹಾಗೇನಿಲ್ಲ. ತುಂಬದೆ ಕೂತರೆ ಜುಲೈಯಿಂದ ದಂಡ ಓಡ್ತದೆ. ತಿದ್ದುಪಡಿ ಯಾವಾಗ ಆಗ್ತದೋ ಯಾರಿಗೆ ಗೊತ್ತು. ನನ್ನ ಸಲಹೆ: ಏಪ್ರಿಲ್ ಒಳಗೇ ತುಂಬಿ ರಿಯಾಯಿತಿ ತಗೊ. ಅರ್ಜಿಯಲ್ಲೇ "ಹೆಚ್ಚುವರಿ ತುಂಬಿದ ಮೊತ್ತವನ್ನು ಮುಂದಿನ ವರ್ಷಕ್ಕೆ ಹೊಂದಾಣಿಕೆ ಮಾಡಿ" ಅಂತ ಒಂದು ಸಾಲು ಇರಲಿ. ಈಗಾಗಲೇ ಕೊಟ್ಟಿದ್ದರೆ ಅದೇ ಕಡತಕ್ಕೆ ಇನ್ನೊಂದು ಪತ್ರ ಸೇರಿಸು.

ಕಾಜುಬಾಗದವಳು

ಎರಡನೇ ಪ್ರಶ್ನೆಗೆ ನಾನು ಹೇಳ್ತೇನೆ, ನಮ್ಮ ಮನೆಯಲ್ಲೂ ಇದೇ ಆಯ್ತು. ಅಪ್ಪಯ್ಯ ಉಯಿಲು ಬರೆಯದೆ ಹೋಗಿದ್ದರೆ, ಮನೆ ಅವರ ಸ್ವಂತದ್ದಾಗಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಆಯಿ, ನೀವು, ತಂಗಿ ಮೂವರಿಗೂ ಸಮ ಪಾಲು. ಅಜ್ಜಿ, ಅಂದರೆ ಅಪ್ಪಯ್ಯನ ತಾಯಿ ಇದ್ದರೆ ಅವರಿಗೂ. ವಾರಸಾಕ್ಕೆ, ಅಂದರೆ ವಾರಸುದಾರರ ಹೆಸರು ಏರಿಸಲು, ಮರಣ ಪ್ರಮಾಣಪತ್ರ ಮತ್ತು ನಾಡಕಚೇರಿಯ ವಂಶವೃಕ್ಷ ಬೇಕು. ಎಲ್ಲರ ಹೆಸರೂ ಜಂಟಿಯಾಗಿ ಏರಿಸುವುದು ಸುಲಭ. ಆಯಿ ಒಬ್ಬರ ಹೆಸರೇ ಬೇಕಾದರೆ ನೀವಿಬ್ಬರೂ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಬೇಕಾಗ್ತದೆ. ತಂಗಿಗೆ ಮೊದಲು ಫೋನ್ ಮಾಡಿ ಮಾತಾಡಿ, ಆಮೇಲೆ ಕಾಗದ ತಯಾರು ಮಾಡಿ. ಉಲ್ಟಾ ಮಾಡಬೇಡಿ.

ಹೆಸ್ಕಾಂ ಮೀಟರ್ ಯಾರ ಹೆಸರಲ್ಲಿದೆ? ಅದನ್ನೂ ನೋಡಿ. ವಾರಸಾ ಆದ ಮೇಲೆ ಅದೇ ಕಾಗದಗಳಲ್ಲಿ ಅದನ್ನೂ ಬದಲಾಯಿಸಬಹುದು, ನೀರಿನ ನಳವನ್ನೂ.